ನಾನೂ ಗ್ರಾಮಾಂತರದ ಮತದಾರ

ನಮ್ಮ ಮನೆ ಇರುವುದು ರಾಜರಾಜೇಶ್ವರಿನಗರದಲ್ಲಿ. ಹತ್ತು ನಿಮಿಷ ನಡೆದರೆ ಮೆಟ್ರೋ ಸಿಗುತ್ತದೆ, ಆದರೂ ಲೋಕಸಭೆಗೆ ನನ್ನ ವೋಟು ಬೆಂಗಳೂರು ಗ್ರಾಮಾಂತರಕ್ಕೆ. ಅದೇ ಹೆಸರಿನ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಮಾತ್ರ ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿವೆ. ವಿಚಿತ್ರ ಅಲ್ವಾ?

2008ರ ಕ್ಷೇತ್ರ ಮರುವಿಂಗಡಣೆಗೆ ಮುಂಚೆ ನಮ್ಮ ಗ್ರಾಮಾಂತರ ಕ್ಷೇತ್ರ ಕನಕಪುರ ಲೋಕಸಭಾ ಕ್ಷೇತ್ರವಾಗಿತ್ತು. ಈಗ ಇದರಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಪಕ್ಕದ ತುಮಕೂರು ಜಿಲ್ಲೆಯ ಕುಣಿಗಲ್, ಜೊತೆಗೆ ನಗರದ ಕಡೆಯಿಂದ ಆನೇಕಲ್, ಬೆಂಗಳೂರು ದಕ್ಷಿಣ, ನಮ್ಮ ರಾಜರಾಜೇಶ್ವರಿನಗರ. 2024ರಲ್ಲಿ ಮತದಾರರು ಸುಮಾರು 28 ಲಕ್ಷ. ಚನ್ನಪಟ್ಟಣದಲ್ಲಿ ಎರಡೂಕಾಲು ಲಕ್ಷದ ಆಸುಪಾಸು ಇದ್ದರೆ ಬೆಂಗಳೂರು ದಕ್ಷಿಣ ಒಂದರಲ್ಲೇ ಏಳು ಲಕ್ಷ ದಾಟಿದೆ.

ಕಳೆದ ತಿಂಗಳು ಬೆಳಿಗ್ಗೆ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ರೈತರೊಬ್ಬರು ಹಳದಿ ಗೂಡೊಂದನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳಿಸಿದರು. ಅಲ್ಲಿಂದ ಮುಂದೆ ಕನಕಪುರ ದಾಟಿ ಸಂಗಮಕ್ಕೆ ಹೋದರೆ ಅರ್ಕಾವತಿ ನದಿ ಕಾವೇರಿ ಸೇರುತ್ತಾಳೆ. ನಮ್ಮ ಊರಿನ ಕೊಳಕು ನೀರನ್ನೂ ಅವಳೇ ಹೊತ್ತುಕೊಂಡು ಹೋಗುತ್ತಾಳೆ, ಅದು ನನಗೆ ತುಂಬಾ ನೋವು ಕೊಡುತ್ತದೆ. ನಾವು ಫ್ಲಾಟಿನವರು ಸಂಖ್ಯೆಯಲ್ಲಿ ಜಾಸ್ತಿ. ವೋಟು ಕೇಳಲು ಬಂದವರ ಹತ್ತಿರ ನಮ್ಮ ರಸ್ತೆ ಗುಂಡಿ ಜೊತೆ ಆ ನದಿ ಬಗ್ಗೆಯೂ ನಾವೇ ಕೇಳಬೇಕು.