ಬರೀ ಕೂಡುವ ಲೆಕ್ಕಕ್ಕೆ ಚಿತ್ರ ಯಾಕೆ?

ಪೂರ್ಣಾಂಕಗಳ ವಿಭಜನೆ (ಒಂದು ಸಂಖ್ಯೆಯನ್ನು ಧನ ಪೂರ್ಣಾಂಕಗಳ ಮೊತ್ತವಾಗಿ ಒಡೆಯುವುದು) ನನಗೆ ಇಷ್ಟದ ವಿಷಯ ಅಂದ ಕೂಡಲೇ ಕೇಳುತ್ತಾರೆ: "5ನ್ನು ಎಷ್ಟು ರೀತಿ ಒಡೆಯಬಹುದು ಅಂತ ಎಣಿಸಿದರೆ ಮುಗೀತಲ್ವಾ? ಅದರಲ್ಲಿ ರೇಖಾಗಣಿತ ಎಲ್ಲಿಂದ ಬಂತು?"

ಎಣಿಸಿಯೇ ನೋಡೋಣ. 5, 4+1, 3+2, 3+1+1, 2+2+1, 2+1+1+1, 1+1+1+1+1. ಒಟ್ಟು 7. (4+1, 1+4 ಎರಡೂ ಒಂದೇ ಅಂತ ಲೆಕ್ಕ.) 10ಕ್ಕೆ 42 ರೀತಿ. 100ಕ್ಕೆ 19,05,69,292! ಬರೆದು ಎಣಿಸುವ ಆಸೆ ಇಲ್ಲಿಗೇ ಬಿಡಬೇಕು. ಚಿತ್ರ ಬೇಕಾಗುವುದು ಇಲ್ಲೇ.

7 = 4+2+1 ತೆಗೆದುಕೊಳ್ಳಿ. ಒಂದೊಂದು ತುಂಡಿಗೂ ಒಂದು ಸಾಲು ಚುಕ್ಕಿ ಇಡಿ:

● ● ● ●
● ●
●

ಇದಕ್ಕೆ ಫೆರರ್ಸ್ ಚಿತ್ರ ಅನ್ನುತ್ತಾರೆ. ಈಗ ಅಡ್ಡಸಾಲು ಬಿಟ್ಟು ಮೇಲಿಂದ ಕೆಳಗೆ ಎಣಿಸಿ: 3, 2, 1, 1. ಅದೂ 7ರ ವಿಭಜನೆಯೇ. ಮೊದಲಿನದರಲ್ಲಿ ಮೂರು ತುಂಡು ಇದ್ದವು, ಇದರಲ್ಲಿ ದೊಡ್ಡ ತುಂಡು 3. ಹಾಗಾಗಿ ಯಾವ ಸಂಖ್ಯೆಗೇ ಆಗಲಿ, ಮೂರು ತುಂಡಿನ ವಿಭಜನೆಗಳು ಎಷ್ಟೋ, ದೊಡ್ಡ ತುಂಡು 3 ಇರುವ ವಿಭಜನೆಗಳೂ ಅಷ್ಟೇ. ಒಂದು ಸೂತ್ರವೂ ಬೇಕಾಗಲಿಲ್ಲ, ಸಾಲುಗಳನ್ನು ಕಂಬಗಳಾಗಿ ಓದಿ ಚಿತ್ರ ಮಗುಚಿದ್ದಷ್ಟೇ.

ಮಗುಚಿದರೂ ಬದಲಾಗದ ಚಿತ್ರಗಳೂ ಇವೆ. 10ಕ್ಕೆ 4+3+2+1 ಅಂಥದ್ದು. ಅದರ ಮೇಲಿನ ಸಾಲು ಮತ್ತು ಎಡಗಡೆಯ ಕಂಬ ಸೇರಿಸಿ ಒಂದು ಮೂಲೆಪಟ್ಟಿಯಾಗಿ ಕಳಚಿ: 7 ಚುಕ್ಕಿ. ಒಳಗೆ ಉಳಿದದ್ದು 3 ಚುಕ್ಕಿಯ ಇನ್ನೊಂದು ಮೂಲೆಪಟ್ಟಿ. 7+3. ಎರಡೂ ಬೆಸ, ಎರಡೂ ಬೇರೆ ಬೇರೆ. 10ಕ್ಕೆ ಇಂಥ ಇನ್ನೊಂದೇ ಚಿತ್ರ ಇದೆ, 5+2+1+1+1. ಕಳಚಿದರೆ 9+1. 10ನ್ನು ಬೇರೆ ಬೇರೆ ಬೆಸ ಸಂಖ್ಯೆಗಳಾಗಿ ಒಡೆಯಲು ಇರುವುದೂ ಇವೆರಡೇ ದಾರಿ. ಯಾವ ಸಂಖ್ಯೆಗಾದರೂ ಈ ಎರಡು ಎಣಿಕೆ ಸಮ. ನನ್ನನ್ನು ಕೇಳಿದರೆ ಈ ವಿಷಯದಲ್ಲೇ ಅತಿ ಚೆಂದದ ಪುರಾವೆ ಇದು.

ಮಿಕ್ಕ ಚಿತ್ರಗಳೆಲ್ಲ ತಮ್ಮ ಮಗುಚಿದ ರೂಪದ ಜೊತೆ ಜೋಡಿಯಾಗುತ್ತವೆ. ಹಾಗಾಗಿ ಒಂದು ಸಂಖ್ಯೆಯ ವಿಭಜನೆಗಳ ಒಟ್ಟು ಎಣಿಕೆ ಸಮವೋ ಬೆಸವೋ ಅಂತ ತೀರ್ಮಾನಿಸುವುದು ಈ ಒಂಟಿ ಚಿತ್ರಗಳೇ. ಆದರೆ 1, 2, 3 ಅಂತ ದೂರದವರೆಗೆ ಹೋದರೆ ಆ ಎಣಿಕೆಗಳಲ್ಲಿ ಸಮ ಅರ್ಧ, ಬೆಸ ಅರ್ಧ ಬರುತ್ತವೆಯೇ? ಪಾರ್ಕಿನ್ ಮತ್ತು ಶ್ಯಾಂಕ್ಸ್ ಎಂಬ ಗಣಿತಜ್ಞರು 1967ರಲ್ಲಿ ಹೌದು ಅಂತ ಊಹಿಸಿದರು. ಇನ್ನೂ ಯಾರೂ ಅದನ್ನು ಸಾಬೀತು ಮಾಡಿಲ್ಲ.

ಎಣಿಕೆಯ ಮಟ್ಟಿಗೆ ದೊಡ್ಡ ಹೆಜ್ಜೆ 1918ರದ್ದು. ಗಣಿತಜ್ಞರಾದ ಹಾರ್ಡಿ ಮತ್ತು ರಾಮಾನುಜನ್ ವಿಭಜನೆಗಳ ಎಣಿಕೆ ಹೇಳುವ ತಮ್ಮ ಸೂತ್ರದ ಬರೀ ಆರು ಪದ ಕೂಡಿದಾಗ 100ಕ್ಕೆ 19,05,69,291.996 ಬಂತು. ಗಣಿತಜ್ಞ ಮೆಕ್‌ಮಹೊನ್ ಕೈಯಲ್ಲೇ 200ರವರೆಗೆ ಲೆಕ್ಕ ಹಾಕಿಟ್ಟಿದ್ದರು, ತಾಳೆ ನೋಡಲು ಅದೇ ಆಧಾರ. ಆ ಸೂತ್ರದಲ್ಲಿ ಪೈ ಇದೆ. ವೃತ್ತವೇ ಇಲ್ಲದ ಕಡೆ ಪೈ ಯಾಕೆ?

ಇದಕ್ಕೂ ಚಿತ್ರ ಒಂದು ಉತ್ತರ ಕೊಡುತ್ತದೆ. ತುಂಬಾ ದೊಡ್ಡ ಸಂಖ್ಯೆಯೊಂದರ ವಿಭಜನೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿ. ಅದರ ಚಿತ್ರದಲ್ಲಿ ಒಂದೊಂದು ಚುಕ್ಕಿಯನ್ನೂ 1 ವಿಸ್ತೀರ್ಣದ ಚೌಕ ಅಂದುಕೊಂಡು, ಉದ್ದಗಲ ಎರಡನ್ನೂ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ ಕುಗ್ಗಿಸಿ, ಒಟ್ಟು ವಿಸ್ತೀರ್ಣ 1 ಆಗುವಂತೆ. ಹೆಚ್ಚುಕಮ್ಮಿ ಪ್ರತಿ ಸಲವೂ ಅಂಚು ಒಂದೇ ವಕ್ರರೇಖೆಯ ಹತ್ತಿರ ಬರುತ್ತದೆ: ನಡುವೆ ಮೂಲೆಯ ಕಡೆ ಬಾಗಿ, ಎರಡೂ ತುದಿಯಲ್ಲಿ ತೆಳ್ಳನೆಯ ಬಾಲ ಎಳೆದುಕೊಂಡು. ಆ ರೇಖೆಯಲ್ಲಿ ಗೊತ್ತಾಗಬೇಕಾದ ಸ್ಥಿರಾಂಕ ಒಂದೇ. ವಿಸ್ತೀರ್ಣ 1 ಅಂತ ಹಾಕಿ ಲೆಕ್ಕ ಮಾಡಿದರೆ 1 + 1/4 + 1/9 + 1/16 + … ಎದುರಾಗುತ್ತದೆ. ಆಯ್ಲರ್ ತೋರಿಸಿದಂತೆ ಅದರ ಬೆಲೆ ಪೈ ವರ್ಗದ ಆರನೇ ಒಂದು ಭಾಗ. ಸ್ಥಿರಾಂಕ ಅದರ ವರ್ಗಮೂಲ. ಹಾರ್ಡಿ–ರಾಮಾನುಜನ್ ಸೂತ್ರದ ಘಾತದಲ್ಲಿ ಸಂಖ್ಯೆಯ ವರ್ಗಮೂಲದ ಪಕ್ಕ ಕೂತಿರುವುದು ಸರಿಯಾಗಿ ಇದರ ಎರಡರಷ್ಟು.