ಬೀಟೆ ಮೇಜಿಗೆ ಹೊಳಪು ಹತ್ತಿದ್ದು

ಅಜ್ಜನ ಕಾಲದ ಬೀಟೆ ಮೇಜಿಗೆ ಡಬಲ್ ಬಾಯ್ಲ್ಡ್ (ಬೇಗ ಆರೋ ಹಾಗೆ ಹದ ಮಾಡಿದ) ಅಗಸೆ ಎಣ್ಣೆ ಕೋಟ್ ಮೇಲೆ ಕೋಟ್ ಕೊಟ್ಟಾಗಿತ್ತು, ಬಣ್ಣ ಏನೋ ಚೆಂದ ಎದ್ದಿತ್ತು, ಹೊಳಪು ಮಾತ್ರ ಮಂಕು. ಬಂದವ್ರೆಲ್ಲ ಮೆಲಮೈನ್ ಪಾಲಿಶ್ ಹೊಡ್ಸಿಬಿಡಿ, ಕನ್ನಡಿ ಆಗ್ತದೆ ಅಂತಿದ್ರು. ಆಗ್ತದೆ ನಿಜ, ಆದ್ರೆ ಅದು ಮರದ ಮೇಲೆ ಕೂತ ಪದರ, ಗೀರು ಬಿದ್ರೆ ಅಷ್ಟಕ್ಕೇ ಸರಿ ಮಾಡೋದು ಕಷ್ಟ. ಎಣ್ಣೆ ಆದ್ರೆ ಬಿದ್ದಲ್ಲೇ ತಿಕ್ಕಿ ಮತ್ತೆ ಸವರಿದ್ರೆ ಆಯ್ತು. ಬೀಟೆಯ ಎಳೆ ಕೈಗೆ ಸಿಗ್ಬೇಕು ಅನ್ನೋದು ನನ್ನ ಹಟ.

ಶಿರಸಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕೋ ಹಾಗೇ ಇಲ್ಲ. ಅಗಸೆ ಎಣ್ಣೆ ನೀರಿನ ತರ ಆವಿಯಾಗಿ ಆರೋದಲ್ಲ, ಗಾಳಿಯ ಆಮ್ಲಜನಕ ಸೇರಿ ಗಟ್ಟಿಯಾಗೋದು, ಥಂಡಿ ಹವೆಗೆ ಅಂಟಂಟಾಗೇ ಉಳೀತದೆ, ಅದ್ರಲ್ಲೂ ಬೀಟೇಲಿ ತನ್ನದೇ ಎಣ್ಣೆ ಅಂಶ ಇರೋದ್ರಿಂದ ಇನ್ನೂ ನಿಧಾನ. ಹಾಗಾಗಿ ಅಡಿಕೆ ಕೆಲಸ ಮುಗಿದು ಬಿಸಿಲು ಚುರುಕಾದ್ಮೇಲೆ ಮರಗೆಲಸದ ಆಚಾರ್ರನ್ನ ಕರೆದೆ.

ಅವ್ರು ಮೇಜನ್ನ ಕಿಟಕಿ ಕಡೆ ತಿರುಗ್ಸಿ ಓರೆಯಾಗಿ ನೋಡಿ, ಬೆಳಕು ಚದುರ್ತಾ ಉಂಟು, ಮರದ ಸಣ್ಣ ಸಣ್ಣ ತೂತು ತುಂಬಲಿಲ್ಲ ಅಂದ್ರು. ಎಣ್ಣೆ ಹಚ್ಚಿ, ಅದು ಹಸಿ ಇರುವಾಗ್ಲೇ 400 ನಂಬರ್ ವಾಟರ್ ಪೇಪರಲ್ಲಿ (ಒದ್ದೆ ಮಾಡಿ ತಿಕ್ಕೋ ಸ್ಯಾಂಡ್ ಪೇಪರ್) ಎಳೆಯ ಉದ್ದಕ್ಕೆ ತಿಕ್ಕೋಕೆ ಹೇಳಿದ್ರು. ತಿಕ್ಕಿದ ಹಾಗೆ ಮರದ ಪುಡಿ ಎಣ್ಣೇಲಿ ಕಲೆತು ಕಪ್ಪು ನೇರಳೆ ಕೆಸರಾಗಿ ಏಳ್ತು, ಅದೇ ಹೋಗಿ ತೂತಲ್ಲಿ ಕೂರ್ಬೇಕು, ಒರೆಸುವಾಗ ಎಳೆಗೆ ಅಡ್ಡ ಒರೆಸ್ಬೇಕು, ಉದ್ದಕ್ಕೆ ಎಳೆದ್ರೆ ತುಂಬಿದ್ದೆಲ್ಲ ಕಿತ್ತು ಬರ್ತದೆ. ಅದು ಪೂರ್ತಿ ಗಟ್ಟಿಯಾದ್ಮೇಲೆ ಇನ್ನೂ ನಯದ 600 ನಂಬರ್ ಪೇಪರ್, ಆಮೇಲೆ 800.

ಕೊನೇ ಕೋಟುಗಳಿಗೆ ಎಣ್ಣೆ, ಟರ್ಪೆಂಟೈನ್, ವಾರ್ನಿಷ್ ಸಮಸಮ ಬೆರೆಸಿದ್ವಿ. ಹಚ್ಚೋದು ಚೂರೇ ಚೂರು, ಅಂಗೈಯಲ್ಲಿ ಮರ ಬೆಚ್ಚಗಾಗೋ ತನಕ ಉಜ್ಜೋದು, ಕಾಲು ಗಂಟೆ ಬಿಟ್ಟು ಒಂದು ಹನೀನೂ ಉಳೀದ ಹಾಗೆ ಹಳೇ ಹತ್ತಿ ಪಂಚೇಲಿ ಒರೆಸೋದು. ಹೊಳಪು ಬರೋದು ಈ ಒರೆಸೋದ್ರಲ್ಲೇ, ಮೇಲೆ ಉಳಿದ ಎಣ್ಣೆ ಬರೀ ಜಿಡ್ಡು.

ಒರೆಸಿದ ಬಟ್ಟೆ ಮಾತ್ರ ಮುದ್ದೆ ಮಾಡಿ ಎಸೀಬೇಡಿ ಮಾರಾಯ್ರೇ, ತನ್ನಷ್ಟಕ್ಕೇ ಕಾದು ಬೆಂಕಿ ಹಿಡೀತದೆ, ನಮ್ಮಲ್ಲಿ ಮನೆ ಸುತ್ತ ದರಕು ಅಂದ್ರೆ ಒಣಗಿದ ಎಲೆ, ಅಡಿಕೆ ಸಿಪ್ಪೆ ಬೇರೆ. ಒಂದೊಂದೇ ಬಿಡಿಸಿ ತಂತಿ ಮೇಲೆ ಹರವಿದ್ವಿ.

ಈಗ ಮೇಜಿನ ಮೇಲೆ ಕಿಟಕಿ ಸರಳು ಎಣಿಸೋ ಹಾಗೆ ಕಾಣ್ತದೆ. ಜೇನುಮೇಣ ಹಚ್ಚೋದಕ್ಕೆ ಆಚಾರ್ರು ಇನ್ನೂ ಬಿಟ್ಟಿಲ್ಲ, ಎಣ್ಣೆ ವಾಸನೆ ಪೂರ್ತಿ ಹೋಗ್ಲಿ ಅಂದಿದ್ದಾರೆ. ಕಾಲುಗಳು ಬಾಕಿ ಇವೆ, ಮಳೆ ಹಿಡಿಯೋದ್ರೊಳಗೆ ಮುಗಿಸ್ಬೇಕು.