ಕೇಪ್ ಕಾಡ್ ಕಾಲುವೆಯಲ್ಲಿ ಒಂದು ಮೊಳದ ಮೀನು

ಬೆಳಗಿನ ಜಾವ ಮೂರೂವರೆಗೆ ಬಾಸ್ಟನ್ ಬಿಟ್ಟಾಗ ಹೊರಗೆ 6 ಡಿಗ್ರಿ. ಮೇ ಮೊದಲ ವಾರ. ಊರಲ್ಲಾದರೆ ಈಗ ಫ್ಯಾನ್ ಕೆಳಗೆ ಮಲಗಿದರೂ ಬೆವರು. ಇಲ್ಲಿ ನಾನು ಎರಡು ಸ್ವೆಟರ್ ಹಾಕಿಕೊಂಡು ಗಾಳ ಹಾಕಲು ಹೊರಟಿದ್ದೆ. ಜೊತೆಗೆ ಕುಂದಾಪುರದ ಗೆಳೆಯ. "ಮಾರಾಯಾ, ಈ ಚಳಿಗೆ ಮೀನೂ ಕಂಬ್ಳಿ ಹೊದ್ಕಂಡ್ ಮನಿಕಂಡಿರತ್ತ್" ಅಂದ.

ನಾವು ಹೋಗಿದ್ದು ಕೇಪ್ ಕಾಡ್ ಕಾಲುವೆಗೆ. 1914ರಲ್ಲಿ ತೆರೆದ, ಏಳು ಮೈಲಿ ಉದ್ದದ ಕಾಲುವೆ. ಅಗಲ 480 ಅಡಿ. ದೊಡ್ಡ ಹಡಗು ಕಣ್ಣೆದುರೇ ಹೋಗುತ್ತದೆ. ದೋಣಿಯಿಂದ ಇಲ್ಲಿ ಮೀನು ಹಿಡಿಯುವಂತಿಲ್ಲ, ಹಾಗಾಗಿ ಎಲ್ಲರೂ ದಂಡೆಯ ಬಂಡೆಗಳ ಮೇಲೆಯೇ. ದೀಪದ ಕಂಬಗಳಿಗೆ ನಂಬರ್ ಇದೆ. ಜಾಗದ ಗುರುತು ಹೇಳುವುದೂ ಆ ನಂಬರಿನಲ್ಲೇ.

ಎಲ್ಲರೂ ಕಾಯುವುದು ಸ್ಟ್ರೈಪ್ಡ್ ಬಾಸ್‌ಗೆ. ಚೆಸಾಪೀಕ್ ಕೊಲ್ಲಿ, ಹಡ್ಸನ್ ನದಿ ಕಡೆ ಹುಟ್ಟುವ ಈ ಮೀನು, ನೀರು 10 ಡಿಗ್ರಿ ದಾಟುವ ಹೊತ್ತಿಗೆ ಕರಾವಳಿ ಹಿಡಿದು ಉತ್ತರಕ್ಕೆ ಬರುತ್ತದೆ. ಮೊದಲು ಬರುವುದು ಹೆಚ್ಚಾಗಿ ಸಣ್ಣವು. ಇಲ್ಲಿಯವರು ಅವಕ್ಕೆ 'ಸ್ಕೂಲಿ' ಅನ್ನುತ್ತಾರೆ.

ಐದೂವರೆಗೆ ಗಾಳ ಎಸೆದೆ. ನೀರು ಅದನ್ನು ಎತ್ತಿಕೊಂಡು ಓಡಿತು! ಸುಮ್ನೆ ಹರಿಯುವ ನೀರಲ್ಲ ಅದು, ಮಳೆಗಾಲದ ಹೊಳೆ. ಎರಡೇ ಎಸೆತಕ್ಕೆ ಗಾಳಕ್ಕೆ ಕಟ್ಟಿದ್ದ ಎರಡು ರಬ್ಬರ್ ಮೀನು ಬಂಡೆಯ ಸಂದಿಗೆ ಹೋದವು. ಮೂರನೆಯದಕ್ಕೆ ನಾನೇ ಪಾಚಿಯ ಮೇಲೆ ಜಾರಿ ಕೂತೆ. ಮೊಳೆ ಇರುವ ಬೂಟು ಕೊಳ್ಳದೆ ಜಿಪುಣತನ ಮಾಡಿದ್ದೆ.

ಪಕ್ಕದ ಬಂಡೆಯ ಮೇಲೆ ಥರ್ಮಾಸಿನಿಂದ ಕಾಫಿ ಕುಡಿಯುತ್ತಿದ್ದ ಅಜ್ಜ ಗಾಳದ ಕೋಲನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ. ಉಬ್ಬರದ ಸಮಯ ನೋಡಿಕೊಂಡು ಬಂದೆಯಾ ಅಂತ ಕೇಳಿದರು. ಹೌದು ಅಂದೆ. ನಕ್ಕರು. ತಪ್ಪು ಅಲ್ಲೇ ಆಗಿತ್ತು. ಪೂರ್ವಕ್ಕೆ ಕೇಪ್ ಕಾಡ್ ಕೊಲ್ಲಿ, ಅಲ್ಲಿ ನೀರು ಸುಮಾರು 9 ಅಡಿ ಏರಿಳಿಯುತ್ತದೆ. ಪಶ್ಚಿಮಕ್ಕೆ ಬಜರ್ಡ್ಸ್ ಕೊಲ್ಲಿ, ಅಲ್ಲಿ ಸುಮಾರು 4 ಅಡಿ. ಎರಡೂ ಕಡೆ ಉಬ್ಬರದ ಹೊತ್ತೂ ಬೇರೆ ಬೇರೆ. ಆ ಎತ್ತರದ ವ್ಯತ್ಯಾಸವೇ ಕಾಲುವೆಯ ನೀರನ್ನು ಓಡಿಸುವುದು. ಪೂರ್ವದಲ್ಲಿ ಉಬ್ಬರ ತುಂಬಿದಾಗ ಇಲ್ಲಿ ಸೆಳೆತ ಜೋರು. ನೋಡಬೇಕಾದ್ದು ಕಾಲುವೆಯ ನೀರು ದಿಕ್ಕು ತಿರುಗುವ ಹೊತ್ತು. ಅದಕ್ಕೆ ಬೇರೆಯೇ ಪಟ್ಟಿ ಇದೆ. ಅಘನಾಶಿನಿ ದಂಡೆಯಲ್ಲಿ ಬೆಳೆದವನಿಗೆ ಭರತ-ಇಳಿತದ ಪಾಠ ಹೇಳಿಸಿಕೊಳ್ಳುವ ಗತಿ ಬಂತಲ್ಲ!

ತಿರುಗಲು ಇನ್ನೂ ಮೂರು ಗಂಟೆ. "ಅಷ್ಟರೊಳಗೆ ಹೆರಿಂಗ್ ಮೀನು ನೋಡಿ ಬನ್ನಿ" ಅಂದರು ಅಜ್ಜ.

ಬೋರ್ನ್‌ಡೇಲ್‌ನಲ್ಲಿ ಕಾಲುವೆಯಿಂದ ಒಂದು ಸಣ್ಣ ತೊರೆ ಮೇಲಿನ ಕೆರೆಗೆ ಹೋಗುತ್ತದೆ. ಸಮುದ್ರದ ಹೆರಿಂಗ್ ಮೊಟ್ಟೆ ಇಡಲು ಈ ಮೆಟ್ಟಿಲು ಮೆಟ್ಟಿಲಾದ ನೀರು ಹತ್ತುತ್ತವೆ. ಮೊದಲು ನನಗೆ ಬರೀ ಕಲ್ಲು ಕಂಡಿತು. ಕಣ್ಣು ಪಳಗಿದ ಮೇಲೆ ಗೊತ್ತಾಯಿತು, ಅದು ಕಲ್ಲಲ್ಲ, ಬೆನ್ನು. ನಮ್ಮ ಬಂಗಡೆಯಷ್ಟು ಉದ್ದದ ಮೀನುಗಳು ಒತ್ತೊತ್ತಾಗಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಒಂದು ಚಂಗನೆ ಮೇಲಿನ ಮೆಟ್ಟಿಲಿಗೆ ಹಾರಿತು. ಮತ್ತೊಂದು ಹಾರಿ, ಜಾರಿ, ಮತ್ತೆ ಸಾಲಿಗೆ ಬಂತು. ಸೀಗಲ್‌ಗಳಿಗೆ ಹಬ್ಬ. ಜನ ಹಿಡಿಯುವಂತಿರಲಿಲ್ಲ, ಮೀನು ಕಡಿಮೆಯಾಯಿತೆಂದು ಮ್ಯಾಸಚೂಸೆಟ್ಸ್ 2006ರಲ್ಲಿ ನಿಷೇಧ ಹಾಕಿತ್ತು. ಹೆರಿಂಗ್ ಇದ್ದಲ್ಲಿ ಬಾಸ್ ಹಿಂದೆಯೇ ಇರುತ್ತದೆ. ಕ್ಯಾಲೆಂಡರ್‌ಗಿಂತ ಈ ತೊರೆ ವಾಸಿ.

ಎಂಟೂವರೆಗೆ ವಾಪಸ್. ನೀರು ಎಣ್ಣೆಯ ಹಾಗೆ ನಿಂತಿತ್ತು. ಅಜ್ಜ ಎದ್ದು ಕೋಲು ಬಿಚ್ಚಿದರು. ನೀರು ನಿಧಾನಕ್ಕೆ ಪೂರ್ವಕ್ಕೆ ಹೊರಳಿದ ಹತ್ತೇ ನಿಮಿಷಕ್ಕೆ ನನ್ನ ದಾರ ಸೆಟೆಯಿತು. ಮೇಲೆ ಬಂದದ್ದು 19 ಇಂಚಿನ ಸ್ಕೂಲಿ. ಬೆಳ್ಳಿ ಮೈ, ತಲೆಯಿಂದ ಬಾಲದವರೆಗೆ ಏಳು ಕಪ್ಪು ಗೆರೆ. ಬಾಲದ ಹತ್ತಿರ ಕಂದು ಚುಕ್ಕೆಯಂಥ ಕಡಲ ಹೇನು ಅಂಟಿಕೊಂಡಿತ್ತು. ಅದನ್ನು ತೋರಿಸಿ ಅಜ್ಜ "ಹೊಸಬ, ಈಗಷ್ಟೇ ಸಮುದ್ರದಿಂದ ಬಂದವನು" ಅಂದರು. ನನಗೂ ಸೇರಿಸಿ ಹೇಳಿದರೇನೋ.

ಮನೆಗೆ ಒಯ್ಯಲು 28 ಇಂಚಾದರೂ ಇರಬೇಕು, 31 ಮುಟ್ಟಬಾರದು, ಅದೂ ದಿನಕ್ಕೆ ಒಂದೇ. ಬಾಯಿಂದ ಕೊಕ್ಕೆ ತೆಗೆದು ನೀರಲ್ಲಿ ಹಿಡಿದೆ. ಎರಡು ಸಲ ಕಿವಿರು ಬಿಚ್ಚಿತು, ಆಮೇಲೆ ಬಾಲದಿಂದ ನನ್ನ ಮುಖಕ್ಕೇ ನೀರು ಹೊಡೆದು ಹೋಯಿತು. ಗೆಳೆಯನಿಗೆ ಅದೂ ಸಿಗಲಿಲ್ಲ.

ಹನ್ನೊಂದಕ್ಕೆ ಅವನ ಹೆಂಡತಿಯ ಫೋನ್: "ಮಸಾಲೆ ಅರೆದಿಟ್ಟಿದೀನಿ, ಎಷ್ಟು ಮೀನು?"

ದಾರಿಯಲ್ಲಿ ಇಂಡಿಯನ್ ಅಂಗಡಿ ಮುಂದೆ ಕಾರು ನಿಲ್ಲಿಸಿದೆವು. ಫ್ರೋಜನ್ ಬಂಗಡೆ, ಎರಡು ಪ್ಯಾಕೆಟ್.